ವೆಂಕಟಾಚಲ ಆರಿಸಿದ ಯಂತ್ರ

ವೆಂಕಟಾಚಲನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಇರಲಿ ಬಿಡಿ, ಕೆಲಸ ಬಲ್ಲವನ ಸಿಟ್ಟನ್ನು ಜನ ಸಹಿಸಿಕೊಳ್ಳುತ್ತಾರೆ. ಮೈಸೂರಿನಲ್ಲಿ ಕಲಿತ ಪಾಲಿಶ್ ಅವನದು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯುಂಡೆಯಲ್ಲಿ ಅದ್ದಿ, ಮರದ ಮೇಲೆ ಸುತ್ತುಸುತ್ತಾಗಿ ತೀಡುವುದು. ಇಪ್ಪತ್ತೆರಡು ವರ್ಷ ಅದೊಂದನ್ನೇ ಮಾಡಿದ್ದ. ಈಗ ಗುಜರಾತಿನ ವಡೋದರದ ಗೋರ್ವಾ ಬಡಾವಣೆಯಲ್ಲಿ, ರೇಡಿಯೊ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ.

೧೯೬೭ರ ಆಷಾಢದಲ್ಲಿ ಮಾಲೀಕರಾದ ಶೇಠರಿಗೆ ಅವಸರ ಹುಟ್ಟಿತು. ಹೊಳಪು ಕೊಡುವ ಬಣ್ಣವಿಲ್ಲದ ಲ್ಯಾಕರನ್ನು ಸ್ಪ್ರೇ ಗನ್ನಿನಿಂದ ಹೊಡೆದರೆ ದಿನಕ್ಕೆ ನಲವತ್ತು ಪೆಟ್ಟಿಗೆ ಮುಗಿಯುತ್ತದಂತೆ. ಗನ್ನಿಗೆ ಗಾಳಿ ಒತ್ತುವ ಎರಡು ಯಂತ್ರ, ಚಿಕ್ಕದೊಂದು ದೊಡ್ಡದೊಂದು, ಪರೀಕ್ಷೆಗೆಂದು ತರಿಸಿದರು.

“ಶೇಠರು ಚಿಕ್ಕದೇ ಸಾಕು ಅಂತಿದ್ದಾರೆ, ವೆಂಕಟಾಚಲಯ್ಯ. ನೀವು ನೋಡಿ ಸಂಜೆ ಒಳಗೆ ಹೇಳಿ,” ಎಂದರು ಮ್ಯಾನೇಜರ್ ಪದ್ಮನಾಭ. ಅವರೂ ಮೈಸೂರಿನವರೇ. “ಗನ್ ಹಿಡಿಯೋಕೆ ಒಬ್ರು ಸಾಕು. ಕೈ ಪಾಲಿಶ್ ನಿಲ್ಲಿಸ್ತಾರೆ.”

ಚಿಕ್ಕ ಯಂತ್ರ ಮೊದಲು ಚೆನ್ನಾಗಿಯೇ ಓಡಿತು. ಎಲ್ಲರೂ ಊಟಕ್ಕೆ ಹೋದರೂ ವೆಂಕಟಾಚಲ ಹಟಕ್ಕೆ ಬಿದ್ದು ಓಡಿಸುತ್ತಲೇ ಇದ್ದ. ಪಂಪು ಬಿಸಿಯಾಯಿತು. ಮಳೆಗಾಲದ ಗಾಳಿಯಲ್ಲಿದ್ದ ನೀರು ಲ್ಯಾಕರಿನ ಜೊತೆ ಸಿಡಿದು ಹಲಗೆಯ ಮೇಲೆ ಬಿಳಿ ಮಚ್ಚೆ ಎದ್ದಿತು. ದೊಡ್ಡದಕ್ಕೆ ಗಾಳಿ ತಣಿಯುವ ತೊಟ್ಟಿ, ನೀರು ಹೊರಬಿಡುವ ನಲ್ಲಿ ಎರಡೂ ಇದ್ದವು. ಅವನು ಮಚ್ಚೆ ಎದ್ದ ಹಲಗೆಯನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿದ.

ಮಧ್ಯಾಹ್ನ ದೊಡ್ಡ ಯಂತ್ರದ ಸರದಿ. ಗನ್ನು ನೇರ ಗೆರೆಯಲ್ಲಿ ಸಾಗಬೇಕು. ಹಾಳಾದ ಮಣಿಕಟ್ಟು ಕೇಳಬೇಕಲ್ಲ! ಬಟ್ಟೆಯುಂಡೆ ಹಿಡಿದಂತೆ ಸುತ್ತಿಯೇ ಬಿಟ್ಟಿತು. ನಡುವೆ ಲ್ಯಾಕರ್ ಸೋರಿತು, ಅಂಚು ಒಣಗಿತು. ಮೂರು ಹಲಗೆ ಕೆಟ್ಟವು. ಪಾಲಿಶ್ ಮುಟ್ಟಿಯೇ ಗೊತ್ತಿಲ್ಲದ ಪ್ಯಾಕಿಂಗಿನ ಲಕ್ಷ್ಮೀನಾರಾಯಣ ಎರಡನೇ ಸಲಕ್ಕೇ ಕನ್ನಡಿಯಂತೆ ಹೊಡೆದ. ವೆಂಕಟಾಚಲ ಗೋಡೆಯ ಗಡಿಯಾರ ನೋಡಿದ, ಮೂರು ಗಂಟೆ.

ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಶೇಠರು ಚಿಕ್ಕದನ್ನೇ ಕೊಳ್ಳುತ್ತಿದ್ದರು, ಶ್ರಾವಣಕ್ಕೆ ಪೆಟ್ಟಿಗೆಗಳೆಲ್ಲ ಬಿಳಿಚಿಕೊಳ್ಳುತ್ತಿದ್ದವು, ಮತ್ತೆ ಬಟ್ಟೆಯುಂಡೆಯೇ ಗತಿಯಾಗುತ್ತಿತ್ತು. ಯಾರಿಗೆ ಗೊತ್ತಾಗುತ್ತಿತ್ತು?

ಐದು ಗಂಟೆಗೆ ಶೇಠರು ಚಿಕ್ಕ ಯಂತ್ರದ ಕಾಗದಕ್ಕೆ ಸಹಿ ಹಾಕಲು ಪೆನ್ನು ತೆಗೆದರು. ವೆಂಕಟಾಚಲನಿಗೆ ಯಾರ ಮೇಲೋ ಏನೋ, ಸಿಟ್ಟು ನೆತ್ತಿಗೇರಿತು. ಹೋಗಿ ಮಚ್ಚೆಯ ಹಲಗೆ ತಂದು ಮೇಜಿನ ಮೇಲಿಟ್ಟ.

“ಚಿಕ್ಕದು ಬೇಡ ಶೇಠ್‌ಜಿ. ದೊಡ್ಡದು ತಗೊಳ್ಳಿ. ಲಕ್ಷ್ಮೀನಾರಾಯಣನ ಕೈಗೆ ಕೊಡಿ.”

ಪದ್ಮನಾಭ ದನಿ ತಗ್ಗಿಸಿ ಕನ್ನಡದಲ್ಲಿ ಕೇಳಿದರು: “ನಿಮ್ಮ ಅನ್ನಕ್ಕೆ ನೀವೇ ಕಲ್ಲು ಹಾಕ್ಕೋತಿದೀರಲ್ರೀ?”

“ಕೆಟ್ಟ ಕೆಲಸಾನ ಒಳ್ಳೇದು ಅನ್ನೋಕೆ ನನ್ನ ಕೈಲಾಗಲ್ಲ ಸಾರ್.”

ಶೇಠರು ದೊಡ್ಡದಕ್ಕೇ ಸಹಿ ಹಾಕಿದರು. ವೆಂಕಟಾಚಲ ತಿಂಗಳ ಕೊನೆಯವರೆಗೆ ಕೆಲಸಕ್ಕೆ ಬರಲಿ, ಆಮೇಲೆ ಬೇಡ ಎಂದರು.

ಮನೆಯಲ್ಲಿ ಹೆಂಡತಿ ಕಮಲಾ ಎಲ್ಲ ಕೇಳಿ ಗೋಡೆಗೊರಗಿದಳು.

“ಅಲ್ಲಾ ರೀ, ಆ ಗನ್ನು ನಿಮ್ಮ ಕೈಗೆ ಕೂರಲ್ಲ ಅಂತ ದೊಡ್ಡದನ್ನ ಆರಿಸಿದ ಮೇಲೆ ಗೊತ್ತಾಯ್ತಾ?”

“ಇಲ್ಲ ಕಣೇ. ಮೂರು ಗಂಟೆಗೇ ಗೊತ್ತಾಗಿತ್ತು.”

ಕಮಲಾ ಕಣ್ಣೊರೆಸಿಕೊಂಡು ಅವನಿಗೆ ತಟ್ಟೆ ಹಾಕಿದಳು.