ಮುನಿನಾರಾಯಣಮ್ಮನ ಬಿಳಿಮಣ್ಣಿನ ಒಲೆ

ಕಾಮಸಮುದ್ರದ ಸುತ್ತಲಿನ ಹಳ್ಳಿಗಳಲ್ಲಿ ಹೆಣ್ಣೊಬ್ಬಳಿಗೆ ಹೆಸರು ಬರುವುದು ಅಷ್ಟು ಸುಲಭವಲ್ಲ. ಯಾರಿಗೋ ಸೋಬಾನೆ ಪದದಿಂದ ಬರುತ್ತದೆ, ಯಾರಿಗೋ ಜಗಳದಿಂದ ಬರುತ್ತದೆ. ಮುನಿನಾರಾಯಣಮ್ಮನಿಗೆ ಬಂದದ್ದು ಒಲೆಯಿಂದ. ಅವಳ ಮನೆಯ ಎರಡು ಬಾಯಿಯ ಕೋಡೊಲೆಯನ್ನು ನೋಡಲೆಂದೇ ಪಕ್ಕದ ಊರಿನಿಂದ ಹೆಂಗಸರು ಬರುತ್ತಿದ್ದ ಕಾಲವೊಂದಿತ್ತು. ಬಂದವರು ಒಲೆಯ ಹೊರಮೈಗೆ ಅಂಗೈ ಒತ್ತಿ, ಒಳಗೆ ಬೆಂಕಿ ಉರಿಯುತ್ತಿದ್ದರೂ ಕೈ ಸುಡದಿರುವುದಕ್ಕೆ ಬಾಯಿ ಬಿಡುತ್ತಿದ್ದರು. ಅವಳು ಮುದ್ದೆ ತೊಳಸುತ್ತಾ, ಏನೂ ಗೊತ್ತಿಲ್ಲದವಳ ಹಾಗೆ ಮುಖ ಆ ಕಡೆ ಮಾಡಿಕೊಂಡು ನಗುತ್ತಿದ್ದಳು.

ಅರವತ್ತೆಂಟರಲ್ಲಿ ಅವಳು ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ಇದ್ದದ್ದು ಮೂತಿ ಒಡೆದ ಮಣ್ಣಿನ ಒಲೆ. ಹೊಗೆಗೆ ಕಣ್ಣೀರು, ಅತ್ತೆ ಅಂಜಮ್ಮನ ಮಾತಿಗೆ ಇನ್ನಷ್ಟು ಕಣ್ಣೀರು. ಅಂಜಮ್ಮ ಕೆಟ್ಟವಳಲ್ಲ. ಆದರೆ ಅವಳ ಬಾಯಿಗೆ ಸಿಕ್ಕವರು ಗಾಯವಿಲ್ಲದೆ ಆಚೆ ಬಂದದ್ದನ್ನು ಊರಿನಲ್ಲಿ ಯಾರೂ ನೋಡಿರಲಿಲ್ಲ. ಸೌದೆಯ ವಿಷಯಕ್ಕೆ ಬಂದರಂತೂ ಕೇಳಲೇಬಾರದು. ರೇಷ್ಮೆ ಹುಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯೇ ಸೌದೆ, ಅದನ್ನೂ ಅವಳೇ ಎಣಿಸಿ ಕೊಡುತ್ತಿದ್ದಳು. ಅನ್ನ ಅರೆಬೆಂದರೆ ಸೊಸೆಯ ತಪ್ಪು, ಕಡ್ಡಿ ಮುಗಿದರೂ ಸೊಸೆಯ ತಪ್ಪು.

ಗಂಡ ವೆಂಕಟೇಶಪ್ಪ ಮಾತು ಕಡಿಮೆಯವನು. ಬಂಗಾರಪೇಟೆಯ ಕಂಟ್ರಾಕ್ಟುದಾರನೊಬ್ಬನ ಕೆಳಗೆ ಕೆಲಸ ಮಾಡುತ್ತಿದ್ದ. ಎಣ್ಣೆ ಗಿರಣಿ, ಅಕ್ಕಿ ಗಿರಣಿಗಳ ಬಾಯ್ಲರಿನ ಕಾವು ಆಚೆ ಹೋಗದಂತೆ ಅದರ ಮೈಗೂ ಕೊಳವೆಗಳಿಗೂ ಬಿಳಿಯ ಗಾರೆ ಮೆತ್ತುವುದು, ಹಳೆಯದಾದಾಗ ಕಿತ್ತು ಹೊಸದನ್ನು ಮೆತ್ತುವುದು, ಇಷ್ಟೇ ಅವನ ಕಸುಬು. ಬಾಯ್ಲರಿಗೆ ಅಂಗಿ ತೊಡಿಸುವವನು ಎಂದು ಭಾವಮೈದುನರು ಗೇಲಿ ಮಾಡುತ್ತಿದ್ದರು. ಕಿತ್ತ ಹಳೆಯ ಗಾರೆ ಗಿರಣಿಯ ಹಿಂದೆ ರಾಶಿ ಬೀಳುತ್ತಿತ್ತು, ಬೇಕಾದವರು ಒಯ್ಯಬಹುದಿತ್ತು. ಕೈಯಲ್ಲಿ ಉಜ್ಜಿದರೆ ಹತ್ತಿಯ ಹಾಗೆ ಎಳೆ ಎಳೆಯಾಗಿ ಬಿಚ್ಚುವುದು, ಬೆಂಕಿಗೆ ಹಾಕಿದರೆ ಸುಡದು. ಓದಿದವರು ಅದನ್ನು ಕಲ್ನಾರು ಎನ್ನುತ್ತಾರೆ. ಸೂರಿಗೆ ಹೊದಿಸುವ ಆಸ್‌ಬೆಸ್ಟಾಸ್ ಶೀಟಿನೊಳಗೆ ಇರುವುದೂ ಅದೇ. ವೆಂಕಟೇಶಪ್ಪನ ಗುಂಪಿನವರಿಗೆ ಅದು ಬರೀ ಬಿಳಿಮಣ್ಣು.

ಹೆಂಡತಿ ಒಂದು ದಿನ ಅಡುಗೆಮನೆಯ ಮೂಲೆಯಲ್ಲಿ ಸೆರಗಿನಿಂದ ಮುಖ ಒರೆಸಿಕೊಳ್ಳುವುದನ್ನು ಅವನು ಕಂಡ. ಆ ಶನಿವಾರ ಗೋಣಿಚೀಲದ ತುಂಬ ಬಿಳಿಮಣ್ಣು ತುಂಬಿಕೊಂಡು ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಬಂದ. ಕೆಮ್ಮಣ್ಣು ಬೆರೆಸಿ ಕಾಲಲ್ಲಿ ತುಳಿದು, ಎರಡು ದಿನ ಕೂತು ಎರಡು ಬಾಯಿಯ ಒಲೆ ಕಟ್ಟಿದ. ಒಂದು ಬಾಯಿಗೆ ಕಡ್ಡಿ ಇಟ್ಟರೆ ಎರಡರಲ್ಲೂ ಬೇಯುತ್ತಿತ್ತು. ರಾತ್ರಿ ಮುಚ್ಚಿಟ್ಟ ಕೆಂಡ ಬೆಳಗ್ಗೆ ಊದಿದರೆ ಹೊತ್ತಿಕೊಳ್ಳುತ್ತಿತ್ತು. ಅವರೆಕಾಳಿನ ಸಾರು ಮಧ್ಯಾಹ್ನದವರೆಗೂ ಬಿಸಿಯಾಗೇ ಇರುತ್ತಿತ್ತು. ತಿಂಗಳು ಕಳೆಯುವುದರೊಳಗೆ ಅಂಜಮ್ಮ ಕಡ್ಡಿ ಎಣಿಸುವುದನ್ನು ಬಿಟ್ಟಳು. ಆಮೇಲೆ ಅಡುಗೆಮನೆಗೆ ಬರುವುದನ್ನೂ ಕಡಿಮೆ ಮಾಡಿದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಆ ಸೊಸೆಯ ಕಾಲವನ್ನು ಗಂಡ ಗೋಣಿಚೀಲದಲ್ಲಿ ಹೊತ್ತು ತಂದಿದ್ದ. ಅವಳಿಗೆ ಅವನು ಒಡವೆ ಮಾಡಿಸಲಿಲ್ಲ, ಸಿನಿಮಾಕ್ಕೆ ಕರೆದೊಯ್ಯಲಿಲ್ಲ. ಒಲೆ ಕಟ್ಟಿಕೊಟ್ಟ. ಅಷ್ಟು ಸಾಕಾಗಿತ್ತು ಅವಳಿಗೆ.

ಮಗಳು ಗಂಗರತ್ನಮ್ಮ ಬೆಳೆದದ್ದು ಆ ಒಲೆಯ ಮುಂದೆ. ಯುಗಾದಿಗೆ ಮುಂಚೆ ಮನೆಗೆ ಸುಣ್ಣ ಬಳಿಯುವಾಗ ಮುನಿನಾರಾಯಣಮ್ಮ ಕುಡುಗೋಲಿನ ತುದಿಯಿಂದ ಒಲೆಯ ಹಳೆಯ ಪದರ ಕೆರೆದು, ಹೊಸದಾಗಿ ಮಣ್ಣು ಸಾರಿಸಿ, ಕೆಂಪು ಪಟ್ಟೆ ಬಳಿದು ರಂಗೋಲಿ ಎಳೆಯುತ್ತಿದ್ದಳು. ಕೆರೆದು ಬಿದ್ದ ಬಿಳಿಯ ಪುಡಿಯಲ್ಲಿ ಮಗಳು ಬೊಂಬೆಗಳಿಗೆ ಹಾಸಿಗೆ ಮಾಡುತ್ತಿದ್ದಳು. ತಲೆಕೂದಲಿಗೆಲ್ಲಾ ಪುಡಿ ಮೆತ್ತಿಕೊಂಡು ಮುದುಕಿಯಾದೆ ಎಂದು ಬೆನ್ನು ಬಗ್ಗಿಸಿ ನಡೆದು ತೋರಿಸುತ್ತಿದ್ದಳು. ತಾಯಿ ಮಗಳು ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಎಂಥ ಚೆಂದದ ದಿನಗಳು ಅವು.

ಎಂಬತ್ತೆಂಟರಲ್ಲಿ ವೆಂಕಟೇಶಪ್ಪನ ಗುಂಪಿಗೆ ಚಿನ್ನದ ಗಣಿಯ ಊರಿಗಾಂ ಕಡೆ ಯಾರೋ ಖಾಸಗಿಯವರ ಹಳೆಯ ಐಸ್ ಕಾರ್ಖಾನೆ ಕೆಡವುವ ಕೆಲಸ ಬಂತು. ಅಲ್ಲಿ ಮೇಸ್ತ್ರಿಯಾಗಿ ಬಂದವರು ಕುಪ್ಪುಸ್ವಾಮಿ. ಮದರಾಸಿನ ಬಂದರಿನಲ್ಲಿ ಹಡಗು ರಿಪೇರಿಯ ಕೆಲಸ ಮಾಡಿ ವಯಸ್ಸಾದ ಮೇಲೆ ಸ್ವಂತ ಊರಿಗೆ ಮರಳಿದ್ದವರು. ಮೊದಲ ದಿನವೇ ಹಾರೆ ಎತ್ತಿದವರನ್ನೆಲ್ಲಾ ಅವರು ಕೆಳಗಿಳಿಸಿದರು. ಕಾನೂನು ಬಿಗಿಯಾಗಿದೆ, ಇನ್ಮೇಲೆ ಮನಸ್ಸಿಗೆ ಬಂದ ಹಾಗೆ ಒಡೆಯುವಂತಿಲ್ಲ ಎಂದರು. ಶೀಟುಗಳನ್ನು ಒಡೆಯದೆ ಬೋಲ್ಟು ಬಿಚ್ಚಿ ಇಡಿಯಾಗಿ ಇಳಿಸಬೇಕು. ಕೊಳವೆಯ ಗಾರೆಯನ್ನು ಸೋಪುನೀರಿನಲ್ಲಿ ಚೆನ್ನಾಗಿ ನೆನೆಸಿ ಆಮೇಲೆ ಕೀಳಬೇಕು. ಒದ್ದೆ ಇರುವಾಗಲೇ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಕಟ್ಟಿ, ಅಪಾಯ ಎಂದು ಬರೆದು, ಅಪ್ಪಣೆ ಪಡೆದ ಗುಂಡಿಗೆ ಸೇರಿಸಬೇಕು. ಪೊರಕೆ ಮುಟ್ಟಕೂಡದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಮೂಗಿಗೆ ಮಾಸ್ಕು, ಮನೆಗೆ ಹೊರಡುವ ಮುಂಚೆ ಅಲ್ಲೇ ಸ್ನಾನ, ಬೇರೆ ಬಟ್ಟೆ.

ಗುಂಪಿನವರು ಮುಸಿಮುಸಿ ನಕ್ಕರು. ಬೀದಿ ನಲ್ಲಿಯ ಮುಂದೆ ಬಿಂದಿಗೆ ಸಾಲಿಟ್ಟು ಕೂತಿದ್ದ ಹೆಂಗಸರು, ಕುಡಿಯೋದಕ್ಕೆ ನೀರಿಲ್ಲ, ಇವರು ಪಾಳುಗೋಡೆಗೆ ಎಣ್ಣೆಸ್ನಾನ ಮಾಡಿಸುತ್ತಾರೆ ಎಂದು ತಮಿಳಿನಲ್ಲಿ ಬೈದರು. ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ ಕುಪ್ಪುಸ್ವಾಮಿ ವೆಂಕಟೇಶಪ್ಪನಿಗೆ ತನ್ನ ತಮ್ಮನ ಕಥೆ ಹೇಳಿದರು. ಅಣ್ಣ ತಮ್ಮ ಇಬ್ಬರೂ ಹಡಗಿನ ಹೊಟ್ಟೆಯೊಳಗೆ ಇದನ್ನೇ ಕೀಳುತ್ತಿದ್ದರು. ಇದರ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣಗಾಗಿ ಉಸಿರಿನ ಜೊತೆ ಒಳಗೆ ಹೋಗಿ ಕೂತರೆ ಆಚೆ ಬರುವುದಿಲ್ಲ. ಇಪ್ಪತ್ತು ಮೂವತ್ತು ವರ್ಷ ಸುಮ್ಮನಿದ್ದು ಆಮೇಲೆ ಉಸಿರು ಹಿಡಿಯುತ್ತದೆ. ತಮ್ಮ ಹಾಗೇ ಹೋದ.

"ಇದನ್ನ ಮನೆಗೆ ಮಾತ್ರ ಕೊಂಡು ಹೋಗ್ಬೇಡ ತಂಬಿ," ಎಂದರು.

ವೆಂಕಟೇಶಪ್ಪನ ಕೈಯಲ್ಲಿದ್ದ ಮುದ್ದೆ ಕೈಯಲ್ಲೇ ಉಳಿಯಿತು. ಅದೂ ಆ ಒಲೆಯ ಮೇಲೇ ಬೆಂದದ್ದು.

ಸಂಜೆ ಊರಿಗಾಂನಿಂದ ಬಂಗಾರಪೇಟೆಗೆ ರೈಲು, ಅಲ್ಲಿಂದ ಬಸ್ಸು. ದಾರಿಯುದ್ದಕ್ಕೂ ಹೆಂಡತಿಗೆ ಹೇಗೆ ಹೇಳುವುದೆಂದು ಮಾತು ಕಟ್ಟಿಕೊಂಡ. ಮನೆ ಸೇರಿದಾಗ ಕಟ್ಟಿದ್ದೆಲ್ಲಾ ಮರೆತುಹೋಗಿ, ಒಲೆ ತೆಗೆಯಬೇಕು ಎಂದಷ್ಟೇ ಹೇಳಿದ. ಕಾರಣವನ್ನೂ ತೊದಲಿದ. ಇಪ್ಪತ್ತು ವರ್ಷ ಉಂಡು ಈಗ ಒಲೆಗೆ ಹುಳುಕು ಹುಡುಕುತ್ತೀಯಾ ಎಂದು ಅವಳು ರೇಗಿದಳು. ಕೊನೆಗೆ ಒಂದು ರಾಜಿಯಾಯಿತು. ಕುಪ್ಪುಸ್ವಾಮಿಯೇ ಹೇಳಿದ್ದರು, ಗಟ್ಟಿಯಾಗಿರುವುದನ್ನು ಕೆದಕದೆ ಮೇಲೆ ದಪ್ಪಗೆ ಮೆತ್ತಿ ಮುಚ್ಚಿಬಿಟ್ಟರೆ ಅದರ ಧೂಳು ಏಳುವುದಿಲ್ಲ ಎಂದು. ಆ ವರ್ಷದ ಯುಗಾದಿಗೆ ಅವಳು ಒಲೆ ಕೆರೆಯಲಿಲ್ಲ, ಮೇಲೆಯೇ ಕೆಮ್ಮಣ್ಣು ಮೆತ್ತಿದಳು. ಮೆತ್ತುವಾಗ ಗಂಡನ ಕಡೆ ತಿರುಗಿಯೂ ನೋಡಲಿಲ್ಲ.

ಮರುವರ್ಷ ಗಂಗರತ್ನಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬಾಣಂತಿಗೂ ಮಗುವಿಗೂ ಕಾವು ಬೇಕು, ಆ ಮನೆಯಲ್ಲಿ ಬೆಚ್ಚಗಿನ ಜಾಗವೆಂದರೆ ಒಲೆಯ ಪಕ್ಕ. ಮುನಿನಾರಾಯಣಮ್ಮ ಅಲ್ಲಿ ಹಾಸಿಗೆ ಹಾಕಲು ಜಾಗ ಮಾಡುತ್ತಿದ್ದಾಗ ಒಲೆಯ ಹಿಂಬದಿ ಕಣ್ಣಿಗೆ ಬಿತ್ತು. ಹೆಗ್ಗಣ ತೋಡಿ, ಮೇಲಿನ ಕೆಮ್ಮಣ್ಣು ಸೀಳಿಬಿಟ್ಟು, ಬಿಳಿಯ ಪುಡಿ ನೆಲದ ಮೇಲೆ ಸುರಿದಿತ್ತು. ಅವಳು ಪೊರಕೆ ತೆಗೆದುಕೊಂಡಳು. ಸೂರಿನ ಗಾಜಿನ ಹೆಂಚಿನಿಂದ ಬೀಳುತ್ತಿದ್ದ ಬಿಸಿಲುಕೋಲಿನಲ್ಲಿ ಧೂಳು ಎದ್ದು ನಿಂತಿತು. ತುಂಬಿದ ಬಸುರಿ ಮಗಳು ಹೊಸ್ತಿಲ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು.

ವೆಂಕಟೇಶಪ್ಪ ಒಳಗೆ ಬಂದವನು ಮೊದಲು ಮಗಳ ರಟ್ಟೆ ಹಿಡಿದು ಅಂಗಳಕ್ಕೆ ಕರೆದೊಯ್ದ. ಆಮೇಲೆ ಬಂದು ನೀರಿನ ಬಿಂದಿಗೆ ಎತ್ತಿಕೊಂಡ. ಅವನು ಏನು ಮಾಡಲಿದ್ದಾನೆಂದು ತಿಳಿದದ್ದೇ ಮುನಿನಾರಾಯಣಮ್ಮ ಒಲೆಗೆ ಅಡ್ಡ ನಿಂತಳು. ಒಲೆಗೆ ನೀರು ಸುರಿಯುವುದೆಂದರೆ ಮನೆ ಆರಿಹೋಗಲಿ ಎಂದಂತೆ. ಸಾವಿನ ಮನೆಯಲ್ಲೂ ಒಲೆಯನ್ನು ತಾನಾಗಿ ಆರಲು ಬಿಡುತ್ತಾರೆಯೇ ಹೊರತು ನೀರು ಎರಚುವುದಿಲ್ಲ. ಅದರಲ್ಲೂ ಬಸುರಿ ಮಗಳು ಮನೆಯಲ್ಲಿರುವಾಗ.

"ನೀರು ಮಾತ್ರ ಆಕಬ್ಯಾಡ," ಎಂದಳು. "ಬೇಕಾದ್ರೆ ಒಣಗಿದ್ದಂಗೇ ಒಡ್ದು ತಿಪ್ಪೆಗೆ ಆಕು. ನೀರು ಸುರ್ದು ನನ್ ಮಗಳ್ ಒಟ್ಟೆ ಉರುಸ್ಬ್ಯಾಡ."

"ಒಣಗಿದ್ದಂಗೆ ಒಡುದ್ರೇನೇ ಅವ್ಳಿಗೆ ಕೇಡು ಕಣೇ," ಎಂದ ವೆಂಕಟೇಶಪ್ಪ. ಬಿಂದಿಗೆ ಹಿಡಿದ ಕೈಯ ಹಿಂಬದಿಯಿಂದ ಕಣ್ಣು ಒರೆಸಿಕೊಂಡ. "ಇದನ್ನ ತಂದೋನು ನಾನು. ನಾನೇ ತಲೆ ಮ್ಯಾಲೆ ಒತ್ಕೊಂಡು ತಂದೆ. ಮಗೀನ ಇದ್ರ ಮಗ್ಗುಲಾಗೆ ಮಲಗಿಸ್ತೀಯಾ, ಏಳು."

ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಗಂಡ ಅಳುವುದನ್ನು ಅವಳು ನೋಡಿರಲಿಲ್ಲ. ಹೆತ್ತ ತಾಯಿ ಅಂಜಮ್ಮ ಸತ್ತಾಗಲೂ ಅವನು ಒಳಗೊಳಗೇ ನುಂಗಿಕೊಂಡಿದ್ದ. ಒಂದು ಕಡೆ ಶಾಸ್ತ್ರ, ಇನ್ನೊಂದು ಕಡೆ ಕಣ್ಣೀರು ಹಾಕಿಕೊಂಡು ಬಿಂದಿಗೆ ಹಿಡಿದ ಗಂಡ. ಆಚೆ ಅಂಗಳದಲ್ಲಿ ಏನೂ ತಿಳಿಯದ ಮಗಳು ಕೋಳಿಗೆ ಕಡಲೆ ಸಿಪ್ಪೆ ಎಸೆಯುತ್ತಿದ್ದಳು.

ಅವತ್ತು ಏನೂ ಮಾಡಲಿಲ್ಲ. ಹಿಂಬದಿಯ ಸೀಳಿಗೆ ಒದ್ದೆ ಗೋಣಿ ಹೊದಿಸಿ, ಮಗಳನ್ನು ಪಕ್ಕದ ಮನೆಯಲ್ಲಿ ಮಲಗಿಸಿದರು. ವೆಂಕಟೇಶಪ್ಪ ಕುಪ್ಪುಸ್ವಾಮಿಯನ್ನು ಕಂಡು ಎಲ್ಲಾ ಹೇಳಿಕೊಂಡ. ಅವರು ಮಾಸ್ಕು, ಪ್ಲಾಸ್ಟಿಕ್ಕು ಕೊಟ್ಟು, ಗುಂಡಿಗೆ ಸೇರಿಸಲು ತಾವೇ ಅಪ್ಪಣೆ ಕೇಳಿ, ಗಾಡಿಯನ್ನೂ ಕಳಿಸಿದರು. ಬಸ್ಸಿನಲ್ಲಿ ತಂದದ್ದು ಬಸ್ಸಿನಲ್ಲಿ ಹೋಗುವ ಹಾಗಿರಲಿಲ್ಲ.

ಗಾಡಿ ಬಂದ ಬೆಳಗ್ಗೆ ಮುನಿನಾರಾಯಣಮ್ಮ ತಲೆಗೆ ನೀರು ಹಾಕಿಕೊಂಡು, ಒಲೆಗೆ ಅರಿಶಿನ ಕುಂಕುಮ ಇಟ್ಟು, ಹೂವು ಮುಡಿಸಿ, ಹಾಲು ಉಕ್ಕಿಸಿದಳು. ಕೆಂಡವನ್ನು ಹೆಂಚಿನ ಚೂರಿನಲ್ಲಿ ಎತ್ತಿಕೊಂಡು ಅಂಗಳದಲ್ಲಿ ಹೂಡಿದ್ದ ಮೂರು ಕಲ್ಲಿನ ನಡುವೆ ಇಟ್ಟಳು. ಬೆಂಕಿ ಆರಲಿಲ್ಲ, ಜಾಗ ಬದಲಾಯಿಸಿತು ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಒಳಗೆ ಬಂದು ಮಾಸ್ಕು ಕಟ್ಟಿಕೊಂಡು, ಗಂಡನ ಕೈಯಿಂದ ಬಿಂದಿಗೆ ಇಸಿದುಕೊಂಡು ತಾನೇ ನೀರೆರೆದಳು. ಎಳೆಕೂಸಿನ ತಲೆಗೆ ಎರೆಯುವ ಹಾಗೆ ಮೆಲ್ಲಗೆ, ಕೈ ಅಡ್ಡ ಹಿಡಿದು. ಮಾಸ್ಕಿನೊಳಗೆ ಅವಳು ಬಿಕ್ಕುವುದು ಅವನಿಗೆ ಕೇಳುತ್ತಿತ್ತು. ಇಬ್ಬರೂ ಸೇರಿ ಒದ್ದೆ ಹೆಂಟೆಗಳನ್ನು ಒಂದೊಂದಾಗಿ ಎತ್ತಿ ಚೀಲ ಕಟ್ಟಿದರು, ನೆಲ ಒರೆಸಿದರು, ಒರೆಸಿದ ಬಟ್ಟೆಯನ್ನೂ ಉಟ್ಟ ಬಟ್ಟೆಯನ್ನೂ ಚೀಲಕ್ಕೇ ಹಾಕಿದರು. ಗಾಡಿ ಊರ ಬಾಗಿಲು ದಾಟುವವರೆಗೂ ಅವಳು ನಿಂತು ನೋಡಿದಳು.

ಸಂಜೆ ಜಗಲಿಯ ಮೇಲೆ ಕೂತಾಗ ಕೇಳಿದಳು. "ಇಷ್ಟು ವರ್ಷ ನಾನು ಕೆರೀತಿದ್ದೆ. ಗಂಗಿ ಮಗ್ಗುಲಾಗೇ ಕೂತಿರ್ತಿದ್ಲು. ಅವ್ಳ ಒಳೀಕೆ ಓಗೈತಾ?"

ಸುಳ್ಳು ಹೇಳಬಹುದಿತ್ತು. ವೆಂಕಟೇಶಪ್ಪನಿಗೆ ಸುಳ್ಳೂ ಬಾರದು. "ಗೊತ್ತಿಲ್ಲ ಕಣೇ. ಕುಪ್ಪುಸ್ವಾಮೀನೂ ಕೇಳ್ದೆ. ಅವ್ರಿಗೂ ಗೊತ್ತಿಲ್ವಂತೆ."

ಮೊಮ್ಮಗ ಹುಟ್ಟಿದ. ಬರೀ ಕೆಮ್ಮಣ್ಣಿನ ಹೊಸ ಒಲೆಯ ಪಕ್ಕದಲ್ಲಿ ಬೆಳೆದ. ಸೌದೆ ಜಾಸ್ತಿ ತಿನ್ನುವ, ಹೊಗೆ ಕಾರುವ ಒಲೆ ಅದು, ನೋಡಲು ಯಾರೂ ಬರುತ್ತಿರಲಿಲ್ಲ. ಕೆಲವು ವರ್ಷದ ಮೇಲೆ ಗ್ಯಾಸೂ ಬಂತು. ಹಳೆಯ ಒಲೆಯ ಮಾತು ಬಂದರೆ ಮುನಿನಾರಾಯಣಮ್ಮನ ಮುಖ ಈಗಲೂ ಅರಳುತ್ತದೆ. ಆ ಅವರೆಕಾಳಿನ ಸಾರಿನ ರುಚಿ ಮತ್ತೆ ಬರಲಿಲ್ಲ ಎನ್ನುತ್ತಾಳೆ. ಆದರೆ ಹಬ್ಬಕ್ಕೆ ಬಂದ ಮಗಳು ಪಕ್ಕದಲ್ಲಿ ಕೂತು ಒಂದು ಸಲ ಕೆಮ್ಮಿದರೆ ಸಾಕು, ಅವಳ ಕೈಯಲ್ಲಿದ್ದ ಸೌಟು ನಿಂತುಬಿಡುತ್ತದೆ.

"ಒಗ್ಗರಣೆ ಗಾಟು ಕಣೇ," ಎನ್ನುತ್ತಾನೆ ಜಗಲಿಯಿಂದ ವೆಂಕಟೇಶಪ್ಪ.

"ಊಂ," ಎನ್ನುತ್ತಾಳೆ ಅವಳು. ಆದರೂ ಮಗಳು ಇನ್ನೊಂದು ಸಲ ಕೆಮ್ಮುತ್ತಾಳೋ ಎಂದು ಕಿವಿ ಕೊಟ್ಟು ನಿಂತಿರುತ್ತಾಳೆ.