ಚುಕ್ಕಿಯ ಅಳತೆ

ಆಂಧ್ರದ ಗಡಿಯೂರು ಆದವಾನಿಯ ಆ ಓಣಿಯಲ್ಲಿ ಶಂಕರಮ್ಮ ಹೊಲಿದ ರವಿಕೆ ತೊಡದೆ ಹಸೆಮಣೆ ಏರಿದ ಮದುಮಗಳಿಲ್ಲ. ನಂದವರಂನಿಂದ ಮದುವೆಯಾಗಿ ಬಂದವಳು. ಗಂಡ ಬಜಾರಪ್ಪ ಹತ್ತಿಯ ಜಿನ್ನಿಂಗ್ ಮಿಲ್ಲಿಗೆ ಹೊರಟನೆಂದರೆ ಈಕೆ ಮಿಷನ್ನಿನ ಮುಂದೆ ಕೂತಳೆಂದೇ ಅರ್ಥ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಅಂಥವಳು ಒಮ್ಮೆ ಅಳತೆ ತಪ್ಪಿದಳು, ಅದೂ ಬೇಕೆಂದೇ.

ಮದುವೆ ವಿಡಿಯೋ ತೆಗೆಯುವ ತಿರುಮಲೇಶನಿಗೆ ಸಿನಿಮಾ ಹುಚ್ಚು. ಊರವರನ್ನೇ ಹಾಕಿಕೊಂಡು ಯೂಟ್ಯೂಬಿಗೆ ‘ಉಕ್ಕಿನ ಹಮಾಲಿ’ ಎಂಬ ಸೂಪರ್‌ಹೀರೋ ಸಿನಿಮಾ ತೆಗೆದಿದ್ದ. ಹತ್ತಿ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ನಾಗಭೂಷಣನೇ ಹೀರೋ. ಹೀರೋನ ಮಗಳು ಚುಕ್ಕಿಯಾಗಿ ನಟಿಸಿದವಳು ಶಂಕರಮ್ಮನ ಒಬ್ಬಳೇ ಮಗಳು ರಾಣಿ. ಕೊನೆಯಲ್ಲಿ ಹೀರೋ ಬೆಟ್ಟದ ಅಂಚಿನಿಂದ ಜೋತುಬಿದ್ದಿರುತ್ತಾನೆ, ಹಸಿರು ಡ್ರೆಸ್ಸಿನ ಚುಕ್ಕಿ ಅವನ ಕೈ ಹಿಡಿದಿರುತ್ತಾಳೆ. ಅಲ್ಲಿಗೆ ಮೊದಲ ಭಾಗ ಮುಗಿಯುತ್ತದೆ. ಊರಿಗೆ ಊರೇ ನೋಡಿ ಶಿಳ್ಳೆ ಹೊಡೆಯಿತು. ಅದೇ ವರ್ಷ ಮಳೆಗಾಲದಲ್ಲಿ ರಾಣಿ ಡೆಂಗಿ ಜ್ವರಕ್ಕೆ ತೀರಿಕೊಂಡಳು. ಇನ್ನೂ ಹತ್ತು ತುಂಬಿರಲಿಲ್ಲ. ಆ ಹಸಿರು ಡ್ರೆಸ್ಸನ್ನೇ ತೊಡಿಸಿ ಮಣ್ಣು ಮಾಡಿದರು.

ನಾಲ್ಕು ವರ್ಷದ ಮೇಲೆ ತಿರುಮಲೇಶ ಎರಡನೇ ಭಾಗಕ್ಕೆ ಕೈ ಹಾಕಿದ. ಹತ್ತಿ ವ್ಯಾಪಾರಿ ಏಕಾಂತಪ್ಪನವರ ಮೊಮ್ಮಗಳು, ಒಂಬತ್ತು ವರ್ಷದ ಗಂಗೋತ್ರಿ, ಈಗ ಚುಕ್ಕಿ. ಅವಳಿಗೆ ಅಂಥದ್ದೇ ಹಸಿರು ಡ್ರೆಸ್ಸು ಬೇಕು. ಅದನ್ನು ಹೊಲಿದುಕೊಡೆಂದು ಶಂಕರಮ್ಮನನ್ನೇ ಕೇಳಲು ಇವನಿಗೆ ಬಾಯಾದರೂ ಹೇಗೆ ಬಂತೋ, ದೇವರೇ ಬಲ್ಲ.

“ಚುಕ್ಕಿಗೆ ಈಗ ಹದಿಮೂರು ಆಗಬೇಕಲ್ಲೋ,” ಎಂದಳು ಶಂಕರಮ್ಮ.

“ಇಲ್ಲಕ್ಕಾ, ಕಥಿ ಅಲ್ಲೇ ನಿಂತೈತಿ. ಕೈ ಹಿಡದಾಳ, ಈಗ ಮ್ಯಾಲಕ ಎಳೀತಾಳ. ಸಿನಿಮಾದಾಗ ಒಂದು ನಿಮಿಷನೂ ಕಳದಿಲ್ಲ.”

“ನಾಗಭೂಷಣಗ ಹೊಟ್ಟಿ ಬಂದೈತಿ, ಕೂದಲ ನೆರತಾವ.”

“ಡೈ ಹಾಕ್ತೀನಿ. ಹೊಟ್ಟಿಗೆ ಬೆಲ್ಟ್ ಬಿಗೀತೀನಿ.”

“ಅಂವಗ ಬಣ್ಣ ಬಳದು ವಯಸ್ಸು ಮುಚ್ಚತಿ. ನನ್ನ ಮಗಳ ನಾಲ್ಕು ವರ್ಷ ಯಾಕ ನುಂಗತಿ? ನಾಲ್ಕು ವರ್ಷ ಆದಮ್ಯಾಲೆ ಅಂತ ಕಥಿ ಸುರು ಮಾಡು. ಆಕಿ ಎತ್ತರ ಆಗ್ಯಾಳ, ಹೈಸ್ಕೂಲಿಗೆ ಹೊಂಟಾಳ ಅಂತ ತೋರ್ಸು. ಅಲ್ಲ್ಯಾದ್ರೂ ಬೆಳೀಲಿ.”

“ನಾಲ್ಕು ವರ್ಷ ಹೀರೋ ಬೆಟ್ಟಕ್ಕ ಜೋತಾಡತಾನೇನಕ್ಕಾ? ಜನ ನಗತಾರ.”

ಅವನ ಮಾತಿನಲ್ಲಿ ನ್ಯಾಯವಿತ್ತು. ಆದರೆ ಹೆತ್ತ ಕರುಳಿಗೆ ಯಾವ ನ್ಯಾಯ? ಶಂಕರಮ್ಮ ಅವನ ಜೊತೆ ಬಂದಿದ್ದ ಗಂಗೋತ್ರಿಯ ಮೈಗೆ ಟೇಪು ಹಿಡಿದಳು. ಅವರು ಹೋದ ಮೇಲೆ ಪಕ್ಕದ ಮನೆಯ ಮಂಗಳಾಳನ್ನು ಕರೆದು ಅವಳ ಅಳತೆಗೆ ಬಟ್ಟೆ ಕತ್ತರಿಸಿದಳು. ಮಂಗಳಾ ರಾಣಿಯ ಓರಿಗೆಯವಳು, ಒಂದೇ ಬೆಂಚಿನಲ್ಲಿ ಕೂತವಳು. ಶೂಟಿಂಗಿಗೆಂದು ನಾಗಭೂಷಣನಿಗೆ ಸಿಕ್ಕಿರುವುದು ಒಂದೇ ದಿನದ ರಜೆ. ಬೇರೆ ಡ್ರೆಸ್ಸು ಹೊಲಿಯಲು ವೇಳೆ ಇರುವುದಿಲ್ಲ, ಮಂಗಳಾಳನ್ನೇ ಕರೆಸುತ್ತಾರೆ, ಕಥೆ ಮುಂದೆ ಸರಿಯಲೇಬೇಕು. ಇದು ಅವಳ ಹಂಚಿಕೆ.

ಶೂಟಿಂಗಿನ ದಿನ ಶಂಕರಮ್ಮನೇ ಡ್ರೆಸ್ಸು ಹಿಡಿದು ಬೆಟ್ಟ ಹತ್ತಿದಳು. ಗಂಗೋತ್ರಿ ಅದನ್ನು ತೊಟ್ಟಾಗ ತೋಳಿನೊಳಗೆ ಬೆರಳು ಮುಳುಗಿದವು, ಅಂಚು ನೆಲ ಗುಡಿಸಿತು. ತಿರುಮಲೇಶನಿಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದರೆ ಅವನ ಬಾಯಲ್ಲಿ ತೆಲುಗೇ ಮೊದಲು.

“ಏಂ ಚೇಸಾವಕ್ಕಾ ಇದಿ? ಏನ ಮಾಡಿಟ್ಟಿ? ಅಳತಿ ನೀನೇ ತಗೊಂಡಿದ್ದೆಲ್ಲ!”

“ಚುಕ್ಕಿ ಅಳತಿಗೇ ಹೊಲದೀನಿ. ಸರಿ ಹೊಂದೋ ಹುಡುಗಿ ಬೇಕಂದ್ರ ಮಂಗಳಾನ ಕರ್ಸು.”

ಅವನೂ ಹಠಮಾರಿಯೇ. ಪಿನ್ನು ತರಿಸಿ ಅಂಚು ಮಡಚಿಸಿದ. ಚುಕ್ಕಿ ಓಡಿಬಂದು ಕೈ ಹಿಡಿಯುವುದನ್ನೇ ಹೊಸ ಹುಡುಗಿಯನ್ನು ಹಾಕಿ ಮತ್ತೆ ತೆಗೆಯುವುದಿತ್ತು. ಬಂಡೆಯಂಚಿನ ಕೆಳಗೆ ಚಾಚಿಕೊಂಡ ಕಲ್ಲಿನ ಮೇಲೆ ನಾಗಭೂಷಣ ಕೈ ಎತ್ತಿ ನಿಂತಿದ್ದ. ಅದರಾಚೆ ಬರೀ ಪ್ರಪಾತ. ಗಂಗೋತ್ರಿಯ ತಾಯಿ ಕೊಡೆ ಹಿಡಿದು, ಮಗಳು ಎಷ್ಟು ಚಂದ ಓಡುತ್ತಾಳೆಂದು ನೋಡಲು ಕಾದಿದ್ದಳು.

“ಆ್ಯಕ್ಷನ್!”

ಹುಡುಗಿ ಅಂಚಿನ ಕಡೆ ಓಡಿದಳು. ಹಿಂದಿನ ಪಿನ್ನು ಬಿಚ್ಚಿದ್ದನ್ನು ಮೊದಲು ಕಂಡವಳು ಶಂಕರಮ್ಮ. ಅವಳು ಕೂಗುವ ಮೊದಲೇ ಬಟ್ಟೆ ಕಾಲಡಿ ಸಿಕ್ಕಿತು. ಹುಡುಗಿ ಮುಗ್ಗರಿಸಿ ಇಳಿಜಾರಿನಲ್ಲಿ ಜಾರತೊಡಗಿದಳು. ಕೊಡೆ ಕೈಬಿಟ್ಟ ತಾಯಿ ಚೀರಿದಳು. ಶಂಕರಮ್ಮ ಹೇಗೆ ಹಾರಿ ಬಿದ್ದಳೋ, ಅಂಗೈ ಅಗಲದಷ್ಟು ಬಂಡೆ ಉಳಿದಿದ್ದಾಗ ಹುಡುಗಿಯ ರಟ್ಟೆ ಅವಳ ಕೈಗೆ ಸಿಕ್ಕಿತು. ಕಳಚಿದ ಚಪ್ಪಲಿ ಕೆಳಗೆ ಬೀಳುತ್ತಾ ಬಂಡೆಗೆ ಬಡಿದ ಸದ್ದು ಬಹಳ ಹೊತ್ತು ಕೇಳಿಸಿತು.

ತಿರುಮಲೇಶ ತಲೆಯ ಮೇಲೆ ಕೈಹೊತ್ತು ಕೂತ. ಶಂಕರಮ್ಮ ಹುಡುಗಿಯನ್ನು ತಾಯಿಯ ಕೈಗೆ ಒಪ್ಪಿಸಿದಳು. ತನ್ನ ಮಗಳನ್ನು ಬೆಳೆಸಹೋಗಿ ಇನ್ನೊಬ್ಬ ತಾಯಿಯ ಮಡಿಲು ಬರಿದು ಮಾಡುತ್ತಿದ್ದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು.

“ನನ್ನದು ತಪ್ಪಾತವ್ವಾ,” ಎಂದು ಆ ತಾಯಿಗೆ ಕೈ ಮುಗಿದಳು. ಆಕೆ ಮುಖ ತಿರುಗಿಸಿದಳು, ತಿರುಗಿಸಿದ್ದೇ ಸರಿ.

ಶಂಕರಮ್ಮ ಡ್ರೆಸ್ಸು ಬಿಚ್ಚಿಸಿಕೊಂಡು, ಬಂಡೆಯಿಂದ ದೂರ ಬಂದು ಕತ್ತರಿ ತೆಗೆದಳು. ಅಂಚು ಕತ್ತರಿಸಿದಳು, ತೋಳು ಕತ್ತರಿಸಿದಳು. ಹಸಿರು ಪಟ್ಟಿಗಳು ಕಾಲ ಬಳಿ ಬಿದ್ದವು. ಸೂಜಿಗೆ ದಾರ ಪೋಣಿಸಿ ಹೊಸ ಅಂಚು ಹೊಲಿಯತೊಡಗಿದಳು. ಗಂಗೋತ್ರಿ ಅತ್ತು ಸುಮ್ಮನಾಗಿ, ಮೂಗೊರೆಸಿಕೊಂಡು ಹತ್ತಿರ ಬಂದು ಕೂತಳು.

“ಅತ್ತಿ, ಇದು ಯಾರ ಅಳತಿ ಇತ್ತು?”

“ನನ್ನ ಮಗಳದು.”

“ಆಕಿಗೆ ಎಷ್ಟು ವರ್ಷ?”

ತಿರುಮಲೇಶ ಸುಮ್ಮನಿರೆಂದು ಹುಡುಗಿಗೆ ಕೈಸನ್ನೆ ಮಾಡಿದ. ಶಂಕರಮ್ಮ ದಾರವನ್ನು ಹಲ್ಲಿನಿಂದ ಕಡಿದಳು.

“ಒಂಬತ್ತವ್ವಾ,” ಎಂದಳು. “ನಿನ್ನಷ್ಟೇ.”