ಮುಚ್ಚಿದ ಲ್ಯಾಪ್‌ಟಾಪಿನ ಬಿಸಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ನೆಲ ಒರೆಸುವವರ ಬಕೆಟ್ಟಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಇಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ, ಎಲ್ಲರ ಬಾಯಲ್ಲೂ ‘ರೀಸ್ಟಾರ್ಟ್ ಅಕ್ಕ’ ಆಗಿರುವವರು ಒಂದೊಂದೇ ಮೇಜಿನ ಬಳಿ ನಿಂತು, ಮುಚ್ಚಿಟ್ಟ ಲ್ಯಾಪ್‌ಟಾಪಿನ ಅಡಿಗೆ ಅಂಗೈ ತೂರಿಸುತ್ತಾರೆ, ಮಗುವಿನ ಜ್ವರ ನೋಡುವ ಹಾಗೆ. ತಣ್ಣಗಿದ್ದರೆ ಮುಂದಿನ ಮೇಜು. ಬೆಚ್ಚಗಿದ್ದರೆ ಒಂದು ನಿಟ್ಟುಸಿರು.

"ಮುಚ್ಚಿಟ್ರೆ ಆಫ್ ಆಯ್ತು ಅಂದ್ಕೊಂಡಿದ್ದಾರೆ ಎಲ್ಲರೂ. ಅದು ತೂಕಡಿಸ್ತಿರುತ್ತೆ ಅಷ್ಟೆ. ನಾನು ಕಳಿಸಿದ ರಿಪೇರಿ, ಅದೇ ಅಪ್‌ಡೇಟು, ಒಳಗೆ ಬಂದು ಸುಮ್ನೆ ಕೂತಿರುತ್ತೆ. ಪೂರ್ತಿ ಆಫ್ ಮಾಡಿ ಆನ್ ಮಾಡೋ ತನಕ ಅದು ಕೆಲಸಕ್ಕೆ ಬರಲ್ಲ."

ಇನ್ನೂರು ಚಿಲ್ಲರೆ ಲ್ಯಾಪ್‌ಟಾಪ್‌ಗಳಿಗೆ ಅಕ್ಕ ಒಬ್ಬರೇ ದಿಕ್ಕು. ದೂರದಿಂದಲೇ ಆಫ್ ಮಾಡಿ ಆನ್ ಮಾಡಬಹುದು, ಆದರೆ ರೋಗಿಯ ಕೆಲಸ ನಡುವೆ ನಿಂತೀತೆಂದು ಆಸ್ಪತ್ರೆ ಒಪ್ಪುವುದಿಲ್ಲ. ಹೋಗಿ, ಕೇಳಿ, ಬೈಸಿಕೊಂಡೇ ಮಾಡಬೇಕು. "ಬಂದ್ಲಪ್ಪ ಮಹಾತಾಯಿ, ಎಲ್ಲ ಸೇವ್ ಮಾಡ್ಕೊಳ್ರೇ" ಎಂದು ನರ್ಸುಗಳು ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುತ್ತಾರೆ.

ಅಷ್ಟೊಂದು ಅವಸರ ಏನೆಂದರೆ ಅಕ್ಕ ಹೇಳುವುದಿಷ್ಟು: "ಬಾಡಿಗೆಗೆ ಬಂದವನು ಬೆಳಗಾಗೋದ್ರೊಳಗೆ ಮನೆ ಮಾಲೀಕನೇ ಆಗಿಬಿಟ್ರೆ? ಆಪರೇಟಿಂಗ್ ಸಿಸ್ಟಮ್ಮಲ್ಲಿ ಅಂಥ ತೂತು ಆಗಾಗ ಸಿಗ್ತಾ ಇರುತ್ತೆ."

ಅಂಥದೊಂದು ತೂತಿನ ಏಟು ಕಳೆದ ವರ್ಷ ಅಕ್ಕನ ಮನೆಯವರಿಗೇ ಬಿತ್ತು. ಅಣ್ಣನ ಹೆಂಡತಿ ಇದೇ ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದರು. "ಈಗ ಬೇಡ ಕಣೇ, ಜನ ಸಾಲಾಗಿ ನಿಂತಿದ್ದಾರೆ. ಸಂಜೆ ನಾನೇ ಆಫ್ ಮಾಡಿ ಬರ್ತೀನಿ" ಅಂದರು. ಅತ್ತಿಗೆಯ ಮಾತು, ಅಕ್ಕ ಬಿಟ್ಟುಕೊಟ್ಟರು. ಸಂಜೆ ಅತ್ತಿಗೆ ಎಲ್ಲರ ಹಾಗೆ ಮುಚ್ಚಿಟ್ಟು ಮನೆಗೆ ಬಂದರು. ಮರುದಿನ, ಬಿಲ್ಲಿನಂತೆ ಕಂಡ ಒಂದು ಮೇಲ್ ತೆರೆದರು. ಅದರೊಳಗೆ ನುಸುಳಿ ಬಂದ ಕಳ್ಳನಿಗೆ ಅತ್ತಿಗೆಗಿದ್ದಷ್ಟೇ ಅಧಿಕಾರ ಸಿಗಬೇಕಿತ್ತು. ರಿಪೇರಿಯಾಗದ ಆ ತೂತಿನಿಂದ ಯಂತ್ರದ ಯಜಮಾನನೇ ಆಗಿ ಕೂತ. ಮಧ್ಯಾಹ್ನದೊಳಗೆ ಲ್ಯಾಬಿನ ರಿಪೋರ್ಟುಗಳಿಗೆಲ್ಲ ಬೀಗ. ರಕ್ತ ಕೊಟ್ಟು ಹೋದವರು ಮತ್ತೆ ಬಂದು ತೋಳು ಚಾಚಿದರು.

ಸಂಜೆ ಹೋಗಿ ನೋಡದಿದ್ದುದು ತನ್ನ ತಪ್ಪೆಂದು ಅಕ್ಕ ವಿಚಾರಣೆಯಲ್ಲಿ ಹೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೇಲ್ ತೆರೆದದ್ದು ಅತ್ತಿಗೆಯ ಹೆಸರಿನಲ್ಲಿ. ಕೆಲಸ ಹೋದದ್ದೂ ಅತ್ತಿಗೆಯದೇ.

ಇಬ್ಬರೂ ಇರುವುದು ಒಂದೇ ಮನೆಯಲ್ಲಿ. "ಅತ್ತಿಗೆ ಊಟಕ್ಕೆ ಬಡಿಸ್ತಾರೆ. ಮಾತಿಲ್ಲ. ಒಂದ್ಸಲ ಬೈದುಬಿಟ್ಟಿದ್ರೆ ಹಗುರ ಆಗ್ತಿತ್ತು."

ಇವತ್ತು ಮತ್ತೊಂದು ತೂತಿನ ಸುದ್ದಿ ಬಂದಿದೆ. ಅಕ್ಕ ಲ್ಯಾಬಿಗೆ ಬರುವ ಹೊತ್ತಿಗೆ, ಅತ್ತಿಗೆ ಕೂರುತ್ತಿದ್ದ ಕುರ್ಚಿಯಲ್ಲಿ ಹೊಸ ಹುಡುಗಿ ಕೆಲಸ ಶುರುಮಾಡಿಯಾಗಿದೆ.

"ಅಕ್ಕಾ, ಹೊರಗೆ ಜನ ನೋಡಿ. ಸಂಜೆ ಮಾಡ್ಕೊಳ್ಳಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಬೀಳಮ್ಮ. ನೀನು ಬಿದ್ದು ಏಳೋದ್ರೊಳಗೆ ಆನ್ ಆಗಿರುತ್ತೆ."

ಪರದೆ ಕಪ್ಪಾಗುತ್ತದೆ. ಸಾಲಿನಲ್ಲಿದ್ದ ಮುದುಕರೊಬ್ಬರು, ಬೆಳ್ಳಂಬೆಳಿಗ್ಗೆ ಕೆಡಿಸಿಟ್ಟಳು ಎಂದು ಗೊಣಗುತ್ತಾರೆ. ಪರದೆ ಮತ್ತೆ ಹೊತ್ತಿಕೊಳ್ಳುವವರೆಗೂ ಅಕ್ಕ ಅಲ್ಲಿಂದ ಕದಲುವುದಿಲ್ಲ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಅಕ್ಕ ಹೇಳುವುದು: "ಅತ್ತಿಗೆಗೆ ಯಾವುದಾದ್ರೂ ಲ್ಯಾಬಲ್ಲಿ ಕೆಲಸ ಸಿಕ್ರೆ ಸಾಕು." ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ಅತ್ತಿಗೆ ದಿನವೂ ಕೆಲಸ ಹುಡುಕುತ್ತಾರೆ. ಬೆಳಿಗ್ಗೆ ಹೊರಡುವ ಮುಂಚೆ ಅಕ್ಕನ ಅಂಗೈ ಅದರ ಅಡಿಗೂ ಒಮ್ಮೆ ಹೋಗುತ್ತದೆ.

"ಒಂದು ದಿನಾನೂ ಬೆಚ್ಚಗಿರಲ್ಲ" ಅನ್ನುತ್ತಾರೆ ಅಕ್ಕ. "ಪೂರ್ತಿ ಆರಿಸಿಯೇ ಮಲಗಿರ್ತಾರೆ."